ಶಿಷ್ಯೆಯೆಂದು ಕರೆದು ಕೈತೊಳೆದುಕೊಂಡವರಿಗೆ

ಎಡಿತ್ ವಾರ್ಟನ್ ಹೆಸರೆತ್ತಿದ ಕೂಡಲೇ ‘ಓ, ಹೆನ್ರಿ ಜೇಮ್ಸನ ಶಿಷ್ಯೆ ತಾನೆ?’ ಎನ್ನುವ ಪಂಡಿತರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅಮೆರಿಕದ ಈ ಇಬ್ಬರೂ ಕಾದಂಬರಿಕಾರರು ಆಪ್ತ ಗೆಳೆಯರು. ಜೇಮ್ಸ್ ಹತ್ತೊಂಬತ್ತು ವರ್ಷ ಹಿರಿಯ. ಅಷ್ಟಕ್ಕೇ ಹೆಣ್ಣು ಬರೆದದ್ದೆಲ್ಲ ಅವನ ಎಂಜಲಾಗಿಬಿಡುತ್ತದೆಯೇ?

ನನ್ನ ಮಾತು ನೇರ. ಹೆಣ್ಣಿನ ಬದುಕನ್ನು ದುಡ್ಡು ಹೇಗೆ ಆಳುತ್ತದೆಂದು ಬರೆಯುವುದರಲ್ಲಿ ವಾರ್ಟನ್ ಜೇಮ್ಸನಿಗಿಂತ ದೊಡ್ಡವಳು.

ಎರಡು ಕಾದಂಬರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜೇಮ್ಸನ ‘ದಿ ಪೋರ್ಟ್ರೇಟ್ ಆಫ್ ಎ ಲೇಡಿ’ (1881)ಯಲ್ಲಿ ಇಸಬೆಲ್‌ಗೆ ಭಾರಿ ಆಸ್ತಿ ಒಲಿದು ಬರುತ್ತದೆ; ಅದರ ಆಸೆಗೆ ಒಬ್ಬ ಅವಳ ಕೈಹಿಡಿಯುತ್ತಾನೆ. ಅವಳು ರಾತ್ರಿಯೆಲ್ಲ ಒಬ್ಬಳೇ ಕೂತು ತನ್ನ ದಾಂಪತ್ಯವನ್ನು ಅಳೆದು ನೋಡುವ ಅಧ್ಯಾಯಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಇಸಬೆಲ್‌ಗೆ ನಾಳಿನ ಖರ್ಚಿನ ಚಿಂತೆಯಿಲ್ಲ.

ವಾರ್ಟನ್‌ಳ ‘ದಿ ಹೌಸ್ ಆಫ್ ಮರ್ತ್’ (1905)ನ ಲಿಲಿಗೆ ಇಪ್ಪತ್ತೊಂಬತ್ತು ವರ್ಷ. ರೂಪವಿದೆ, ಹಣವಿಲ್ಲ. ನ್ಯೂಯಾರ್ಕಿನ ಶ್ರೀಮಂತರ ನಡುವೆ ಉಳಿಯಬೇಕಾದರೆ ಒಳ್ಳೆಯ ಉಡುಪು ಬೇಕು, ಇಸ್ಪೀಟಿಗೆ ಕೂರಬೇಕು, ಸೋಲಬೇಕು. ಗೆಳತಿಯ ಗಂಡ ‘ನಿನ್ನ ಹಣ ಬೆಳೆಸಿದ್ದೇನೆ’ ಎಂದು ಡಾಲರು ಕೊಟ್ಟು, ಆಮೇಲೆ ಬೇರೆಯೇ ಬಡ್ಡಿ ಕೇಳುತ್ತಾನೆ. ಕೊನೆಗೆ ಟೋಪಿ ತಯಾರಿಸುವಲ್ಲಿ ದುಡಿಯಲು ಹೋದರೆ ಸೂಜಿ ಕೈಗೆ ಒಗ್ಗುವುದಿಲ್ಲ. ಸೋದರತ್ತೆ ಬಿಟ್ಟುಹೋದ ಹತ್ತು ಸಾವಿರ ಡಾಲರ್ ಬಂದಾಗ ಆ ಸಾಲಕ್ಕೆ ಚೆಕ್ ಬರೆದಿಡುತ್ತಾಳೆ. ಅದೇ ರಾತ್ರಿ ನಿದ್ದೆಯ ಔಷಧ ಹೆಚ್ಚಾಗಿ ಸಾಯುತ್ತಾಳೆ. ರೂಪವೊಂದನ್ನೇ ಬಂಡವಾಳ ಮಾಡಿ ಬೆಳೆಸಿದ ಹೆಣ್ಣಿನ ಜಮಾಖರ್ಚು ಇದು. ಓದುತ್ತಾ ನನಗಂತೂ ಹೊಟ್ಟೆ ಕಿವುಚಿದಂತಾಯಿತು.

‘ವಾರ್ಟನ್ ಸ್ವತಃ ಸಿರಿವಂತೆ, ಬಡತನ ಅವಳಿಗೇನು ಗೊತ್ತು?’ ಎನ್ನುವವರಿದ್ದಾರೆ. ಸಿರಿವಂತರ ಮನೆಯೊಳಗೇ ಬೆಳೆದದ್ದರಿಂದ, ಅಲ್ಲಿ ಹೆಣ್ಣಿಗೆ ಕಟ್ಟುವ ಬೆಲೆ ಎಷ್ಟೆಂದು ಅವಳಿಗೆ ಗೊತ್ತಿತ್ತು. 1921ರಲ್ಲಿ ಕಾದಂಬರಿಗೆ ಪುಲಿಟ್ಜರ್ ಪಡೆದ ಮೊದಲ ಮಹಿಳೆಯೂ ಅವಳೇ.

ಇನ್ನೊಂದು ಸಂಗತಿ ಕೇಳಿ. ಪುಸ್ತಕಗಳು ಮಾರಾಟವಾಗದೆ ಮುದಿ ಜೇಮ್ಸ್ ಕಂಗೆಟ್ಟಿದ್ದಾಗ ವಾರ್ಟನ್ ತನ್ನ ಗೌರವಧನದಿಂದ ಎಂಟು ಸಾವಿರ ಡಾಲರನ್ನು, ಪ್ರಕಾಶಕರು ಕೊಡುವ ಮುಂಗಡವೆಂಬಂತೆ ಗುಟ್ಟಾಗಿ ಅವನಿಗೆ ತಲುಪಿಸುವ ಏರ್ಪಾಡು ಮಾಡಿದಳು. ಗೆಳೆಯನ ಮಾನ ಹೀಗೆ ಕಾಯ್ದವಳನ್ನು ಅವನ ನೆರಳೆಂದು ಕರೆಯಲು ನಾಲಿಗೆಯಾದರೂ ಹೇಗೆ ಏಳುತ್ತದೆ?

ಜೇಮ್ಸನನ್ನು ಖಂಡಿತ ಓದಿ. ಆದರೆ ಸ್ವಂತ ಸಂಪಾದನೆಯಿಲ್ಲದೆ ಪರರ ಮನೆಯಲ್ಲಿ ನಗುಮುಖ ಹೊತ್ತು ಬಾಳುವುದೆಂದರೇನು ಎಂದು ತಿಳಿಯಬೇಕಿದ್ದರೆ, ಮೊದಲು ಲಿಲಿಯ ಕತೆ ಓದಿ.