ಒಂದೇ ತವರು, ಬೇರೆ ಬೇರೆ ದಾರಿ
ನಂದಿಬೆಟ್ಟಕ್ಕೆ ಮಂಜು ನೋಡಲು ಹೋಗುವವರು 1,478 ಮೀಟರ್ ಎತ್ತರದಲ್ಲಿ ಸೆಲ್ಫಿ ತೆಗೆದು, ಬೋಂಡಾ ತಿಂದು ಇಳಿಯುತ್ತಾರೆ. ಅದೇ ಬೆಟ್ಟಸಾಲಿನ ಮಳೆನೀರು ಮಾತ್ರ ಯಾವ ಕಡೆ ಇಳಿಯಬೇಕೆಂದು ಲೆಕ್ಕ ಹಾಕುತ್ತದೆ! ದಕ್ಷಿಣಕ್ಕೆ ಜಾರಿದ್ದು ಅರ್ಕಾವತಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಉಪನದಿ. ದಕ್ಷಿಣ ಪಿನಾಕಿನಿ ಯಾರ ಕೈಯನ್ನೂ ಹಿಡಿಯದೆ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಹೋಗಿ, ಅಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ನನಗೆ ಮೋಜೆನಿಸುವುದು ಉತ್ತರದ ಕಥೆ. ಚೆನ್ನಕೇಶವ ಬೆಟ್ಟದ ಉತ್ತರ ಪಿನಾಕಿನಿ ಗೌರಿಬಿದನೂರು, ವಿದುರಾಶ್ವತ್ಥದ ಹಾದಿ ಹಿಡಿದರೆ, ನೆರೆಯಲ್ಲೇ ಹುಟ್ಟಿದ ಚಿತ್ರಾವತಿ ಬಾಗೇಪಲ್ಲಿಯತ್ತ, ಪಾಪಾಗ್ನಿ ಇನ್ನೂ ಪೂರ್ವಕ್ಕೆ. ಇಲ್ಲಿ ಮುನಿಸಿಕೊಂಡಂತೆ ಬೇರೆಯಾದ ಇವರು ಕಡಪ ಸೀಮೆಯಲ್ಲಿ ಮತ್ತೆ ಸೇರುತ್ತಾರೆ: ಚಿತ್ರಾವತಿ ಗಂಡಿಕೋಟದ ಹತ್ತಿರ, ಪಾಪಾಗ್ನಿ ಕಮಲಾಪುರದ ಬಳಿ. ನೆಲ್ಲೂರು ದಾಟಿ ಕಡಲು ಮುಟ್ಟುವಷ್ಟರಲ್ಲಿ ಪಿನಾಕಿನಿ ನಡೆದದ್ದು 597 ಕಿಲೋಮೀಟರ್. ಹಿಮದ ಆಸರೆಯಿಲ್ಲ, ಪಶ್ಚಿಮಘಟ್ಟದ ಜಡಿಮಳೆಯೂ ಇಲ್ಲ. ಬಯಲುಸೀಮೆಯ ಮಳೆ, ಅದೂ ದಾರಿಯ ಕೆರೆಗಳು ಕುಡಿದು ಬಿಟ್ಟಷ್ಟು. ಹಾಗಾಗಿ ಗೌರಿಬಿದನೂರಿನ ಸೇತುವೆಯಿಂದ ಇಣುಕಿದರೆ ವರ್ಷದ ಬಹುಪಾಲು ಕಾಣುವುದು ಹೊಳೆಯಲ್ಲ, ಹೊಳೆಯ ಜಾಗ.