ಬಣ್ಣ ಹೊಡೆಸುವ ಮುಂಚೆ ಟೇಪು ಹಿಡಿಯಿರಿ

ಮನೆಗೆ ಬಣ್ಣ ಹೊಡೆಸುವಾಗ ನಾವು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಯಾವ ಬಣ್ಣ ಎಂಬುದಕ್ಕೆ. ಎಷ್ಟು ಬಣ್ಣ ಎಂಬುದನ್ನು ಮಾತ್ರ ಮೇಸ್ತ್ರಿಯ ಬಾಯಿಗೆ ಬಿಟ್ಟುಬಿಡುತ್ತೇವೆ. ಆಮೇಲೆ ಡಬ್ಬ ಉಳಿದರೆ ಮೇಸ್ತ್ರಿ ಕಳ್ಳ, ಸಾಲದೆ ಬಂದರೂ ಮೇಸ್ತ್ರಿಯೇ ಕಳ್ಳ. ಈ ಬೈಗುಳ ತಿನ್ನುವವರಲ್ಲಿ ನಮ್ಮ ಊರುಗಳಿಂದ ಬೆಂಗಳೂರಿನ ಬಸ್ಸು ಹತ್ತಿದ ಹುಡುಗರೂ ಇದ್ದಾರೆ. ಹಾಗಾಗಿ ಇದು ಬರೀ ಮನೆ ಮಾಲೀಕರ ತಲೆನೋವಲ್ಲ.

ಪದ್ಮನಾಭನಗರದಲ್ಲಿ ನನ್ನ ಚಿಕ್ಕಪ್ಪನದು 30-40 ಸೈಟಿನ ಮನೆ. ಮೇಲಿನ ಮಹಡಿಯ ಒಳಗಡೆ ಬಣ್ಣ ಆಗಬೇಕಿತ್ತು. ಮೇಸ್ತ್ರಿ ಬಂದರು, ಹಾಲಿನಲ್ಲಿ ನಿಂತು ಒಂದು ಸುತ್ತು ಕಣ್ಣಾಡಿಸಿ, "ಮೂವತ್ತು ಲೀಟರ್ ಬೇಕಾಗ್ತದೆ ಸಾರ್" ಅಂದರು. ಚಿಕ್ಕಪ್ಪ, "ಇಪ್ಪತ್ತರ ಮೇಲೆ ಒಂದು ತೊಟ್ಟೂ ಕೊಡಲ್ಲ" ಅಂದರು. ಇಬ್ಬರ ಕೈಯಲ್ಲೂ ಟೇಪು ಇರಲಿಲ್ಲ. ಒಬ್ಬರಿಗೆ ಎದುರಿನವರು ಕಳ್ಳ, ಇನ್ನೊಬ್ಬರಿಗೆ ಎದುರಿನವರು ಜಿಪುಣ.

ನಮಗೆ ಈ ಲೆಕ್ಕ ರೂಢಿಯಾಗದೆ ಇರುವುದಕ್ಕೆ ಒಂದು ಕಾರಣ ಸುಣ್ಣ. ಊರಲ್ಲಿ ಹಬ್ಬಕ್ಕೆ ಸುಣ್ಣ ಬಳಿಯುವಾಗ ಯಾರೂ ಚದರಡಿ ಅಳೆದವರಲ್ಲ. ಸಾಲದಿದ್ದರೆ ಇನ್ನೊಂದಿಷ್ಟು ಕದಡಿದರಾಯಿತು, ಮಿಕ್ಕಿದರೆ ಕೊಟ್ಟಿಗೆಯ ಗೋಡೆಗೋ ತೆಂಗಿನ ಮರದ ಬುಡಕ್ಕೋ ಬಳಿದರಾಯಿತು. ಎಮಲ್ಷನ್ ಹಾಗಲ್ಲ. ಅಂಗಡಿಯ ಮಷಿನ್ನಿನಲ್ಲಿ ಒಮ್ಮೆ ಬಣ್ಣ ಬೆರೆಸಿದ ಡಬ್ಬವನ್ನು ಅವರು ವಾಪಸ್ ತಗೊಳ್ಳುವುದಿಲ್ಲ. ಕಮ್ಮಿಬಿದ್ದು ಎರಡನೇ ಸಲ ಬೆರೆಸಿ ತಂದರೆ, ಅದೇ ನಂಬರಾದರೂ ಅದೇ ಗೋಡೆಯ ಮೇಲೆ ಛಾಯೆ ಬೇರೆ ಕಾಣಬಹುದು. ಹೆಚ್ಚಾದರೂ ನಷ್ಟ, ಕಮ್ಮಿಯಾದರೂ ನಷ್ಟ.

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಕೋಣೆಯ ಸುತ್ತಳತೆಯನ್ನು ಎತ್ತರದಿಂದ ಗುಣಿಸಿ. 10-12 ಅಡಿಯ ಕೋಣೆಗೆ ಸುತ್ತಳತೆ 44 ಅಡಿ, ಎತ್ತರ 10 ಅಡಿಯಾದರೆ ಗೋಡೆ 440 ಚದರಡಿ. ಬಾಗಿಲು 21, ಕಿಟಕಿ 16 ಕಳೆದರೆ 403. ಒಳಗೋಡೆಯ ಎಮಲ್ಷನ್ ನಯವಾದ ಗೋಡೆಯ ಮೇಲೆ ಎರಡು ಕೋಟ್‌ಗೆ ಲೀಟರಿಗೆ ಸುಮಾರು 120ರಿಂದ 140 ಚದರಡಿ ಬರುತ್ತದೆ. ನಡುವಿನ 130 ಹಿಡಿದರೆ ಮೂರು ಲೀಟರ್ ಚಿಲ್ಲರೆ, ಅಂದರೆ ನಾಲ್ಕು ಲೀಟರಿನ ಒಂದು ಡಬ್ಬ. ಸೀಲಿಂಗ್ 120 ಚದರಡಿ, ಅದಕ್ಕೊಂದು ಲೀಟರ್. ಹೊರಗೋಡೆ ಒರಟು, ಅಲ್ಲಿ ಲೀಟರಿಗೆ 50-60 ಚದರಡಿ ಬಂದರೆ ಹೆಚ್ಚು. ಪ್ರೈಮರ್, ಪುಟ್ಟಿಯ ಲೆಕ್ಕ ಬೇರೆ. ಅಳೆಯಲು ಪುರುಸೊತ್ತಿಲ್ಲದವರಿಗೆ ಒಂದು ಅಡ್ಡದಾರಿ ಇದೆ: ಮನೆಯ ಕಾರ್ಪೆಟ್ ಏರಿಯಾದ ಮೂರರಿಂದ ಮೂರೂವರೆ ಪಟ್ಟು, ಸೀಲಿಂಗ್ ಸೇರಿ.

ಬಾಗಿಲು ಕಿಟಕಿ ಕಳೆಯುವುದರಲ್ಲೇ ಅರ್ಧ ಜಗಳ ಹುಟ್ಟುತ್ತದೆ. ಇದಕ್ಕೂ ನಿಯಮವಿದೆ. ಕೂಲಿ ಲೆಕ್ಕದ ಅಳತೆಗೆ ಭಾರತೀಯ ಮಾನಕ ಐಎಸ್ 1200ರ 13ನೇ ಭಾಗ ಹೇಳುವುದು ಇಷ್ಟು: ಅರ್ಧ ಚದರ ಮೀಟರ್‌ವರೆಗಿನ ತೆರವನ್ನು ಕಳೆಯುವಂತಿಲ್ಲ. ಅರ್ಧದಿಂದ ಮೂರು ಚದರ ಮೀಟರ್‌ವರೆಗಿನದಾದರೆ, ಗೋಡೆಯ ಎರಡೂ ಬದಿಗೆ ಬಣ್ಣವಿದ್ದರೂ ಒಂದೇ ಬದಿ ಕಳೆಯಬೇಕು. ಅಂಚು ತಿದ್ದುವ ಶ್ರಮಕ್ಕೆ ಅದು ಸರಿಹೋಗುತ್ತದೆ. ಕಿಟಕಿಯ ಅಂಚಿನಲ್ಲಿ ಬ್ರಶ್ ಹಿಡಿದು ಕೂತವನ ಬೆವರನ್ನೂ ನಿಯಮ ಲೆಕ್ಕಕ್ಕೆ ಹಿಡಿದಿದೆ, ನಾವು ಹಿಡಿಯುವುದಿಲ್ಲ.

ಚಿಕ್ಕಪ್ಪನ ಮನೆ ಅಳೆದಾಗ ಗೋಡೆ 1,590, ಸೀಲಿಂಗ್ 750, ಒಟ್ಟು 2,340 ಚದರಡಿ ಬಂತು. ಹದಿನೆಂಟು ಲೀಟರ್. ಚಿಕ್ಕಪ್ಪ ಮೀಸೆ ತಿರುವುವ ಹೊತ್ತಿಗೆ ಮೇಸ್ತ್ರಿ ಹಾಲಿನ ಕಡುಗೆಂಪು ಗೋಡೆ ತೋರಿಸಿ, "ಇದರ ಮೇಲೆ ಕ್ರೀಮ್ ಕಲರ್ ಎರಡು ಕೋಟ್‌ಗೆ ಕೂರಲ್ಲ ಸಾರ್, ಮೂರು ಬೇಕು" ಅಂದರು. ಅವರು ಹೇಳಿದ್ದು ನಿಜ, ಆ ಗೋಡೆಗೆ ಇನ್ನರ್ಧ ಲೀಟರ್ ಹೋಯಿತು. ಡಬ್ಬದ ಅಳತೆ ಸೇರಿಸಿ, ಗೋಡೆಗೆ ಹದಿನಾಲ್ಕು ಸೀಲಿಂಗ್‌ಗೆ ಆರು, ಇಪ್ಪತ್ತು ಲೀಟರ್ ತಂದರು. ಮೂವತ್ತಕ್ಕೂ ಇಪ್ಪತ್ತಕ್ಕೂ ನಡುವಿನ ಹತ್ತು ಲೀಟರ್ ಟೇಪು ಉಳಿಸಿದ್ದು. ಆ ಮೂರನೇ ಕೋಟ್ ಮಾತ್ರ ಟೇಪಿಗೆ ಗೊತ್ತಿರಲಿಲ್ಲ, ಅದು ಮೇಸ್ತ್ರಿಯ ಅನುಭವ.

ಹಾಗಾದರೆ ಮೇಸ್ತ್ರಿಗಳು ಹೆಚ್ಚು ಹೇಳುವುದೇಕೆ? ಕೆಲಸ ಅರ್ಧಕ್ಕೆ ನಿಂತರೆ ಆ ದಿನದ ಕೂಲಿ ಹೋಗುತ್ತದೆ, ಅದೊಂದು ಭಯ. ಇನ್ನೊಂದು, ಬಣ್ಣದ ಡಬ್ಬಗಳಲ್ಲಿ ಪೇಂಟರ್‌ಗಳಿಗೆಂದೇ ಟೋಕನ್ ಇಡುವ ಪದ್ಧತಿ. ಡಬ್ಬ ತೆರೆದಷ್ಟೂ ದುಡ್ಡು. ನಾವು ಕೂಲಿಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದನ್ನು ಅವರು ಟೋಕನ್ನಿನಲ್ಲಿ ಹುಡುಕಿದರೆ, ತಪ್ಪು ಅವರೊಬ್ಬರದೇ ಅಲ್ಲ. ಸಾಮಾನು ಕೂಲಿ ಎರಡನ್ನೂ ಒಟ್ಟಿಗೆ ಗುತ್ತಿಗೆ ಕೊಟ್ಟರೆ ಕತೆ ತಿರುಗಾಮುರುಗಾ: ಅಲ್ಲಿ ಬಣ್ಣಕ್ಕೆ ನೀರು ಜಾಸ್ತಿಯಾಗುತ್ತದೆ.

ಅಳತೆ ನಮ್ಮ ನಾಡಿಗೆ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯೇ, ಇವತ್ತಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಕೊಡುತ್ತಿದೆ. ಅದರ 10 ಮಿಲಿಲೀಟರ್ ಸೀಸೆಯಲ್ಲಿ ಸುಮಾರು 700 ಮತದಾರರ ಬೆರಳಿಗೆ ಗುರುತು ಹಾಕಬಹುದು. ಬೆರಳಿಗೆ ಇರುವ ಲೆಕ್ಕ ಗೋಡೆಗೂ ಇರಲಿ.

ನಾನು ಹೇಳುವುದಿಷ್ಟು. ಮಾಲೀಕರು, ಮೇಸ್ತ್ರಿ ಇಬ್ಬರೂ ಸೇರಿ ಟೇಪು ಹಿಡಿಯಲಿ. ಯಾವ ಗೋಡೆ ಎಷ್ಟು ಅಡಿ, ಎಷ್ಟು ಕೋಟ್, ಎಷ್ಟು ಲೀಟರ್ ಎಂಬುದು ಒಂದು ಹಾಳೆಯಲ್ಲಿ ಇರಲಿ. ಬಣ್ಣ ನೀವೇ ತನ್ನಿ, ಕೂಲಿಯನ್ನು ಚದರಡಿ ಲೆಕ್ಕದಲ್ಲಿ ಬೇರೆ ಕೊಡಿ, ಟೋಕನ್ ಅವರಿಗೇ ಇರಲಿ. ಆ ಹಾಳೆಯಲ್ಲಿ ಎಷ್ಟು ದಿನ ಕೆಲಸ ನಡೆಯಿತು ಎಂದೂ ಬರೆದು, ಸಹಿ ಹಾಕಿ ಒಂದು ಪ್ರತಿ ಪೇಂಟರ್ ಕೈಗೆ ಕೊಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಪೇಂಟರ್‌ಗಳಿಗೂ ಹಕ್ಕಿದೆ, ಆದರೆ ವರ್ಷದಲ್ಲಿ 90 ದಿನ ದುಡಿದದ್ದನ್ನು ತೋರಿಸಬೇಕು. ಇವತ್ತು ಇಲ್ಲಿ, ನಾಳೆ ಅಲ್ಲಿ ಕೆಲಸ ಮಾಡುವ ಹುಡುಗ ಅದನ್ನು ತೋರಿಸಲು ಪರದಾಡುತ್ತಾನೆ. ಅಂಥವನ ಜೇಬಿನಲ್ಲಿ ನಿಮ್ಮ ಸಹಿಯ ಒಂದು ಹಾಳೆ ಇರಲಿ.