ಕೇಬಲ್ ಕೀಳುವವರೇ, ಕನ್ನಡವನ್ನೂ ಕೀಳುತ್ತೀರಾ?



ನಿಮ್ಮ ಮನೆಯಲ್ಲಿ ಕೇಬಲ್ ಇನ್ನೂ ಇದೆಯೇ? ಅಥವಾ ಸೆಟ್ ಟಾಪ್ ಬಾಕ್ಸ್ ಅಟ್ಟ ಸೇರಿತೇ? ಹೊಸದುರ್ಗದ ಯಾವ ಬೀದಿಗೆ ಹೋದರೂ ಈಗ ಇದೇ ಮಾತು. ಮಗ ಬೆಂಗಳೂರಿನಿಂದ ಹಬ್ಬಕ್ಕೆ ಬಂದ, ಗೋಡೆಗೊಂದು ಸ್ಮಾರ್ಟ್ ಟಿವಿ ಹಾಕಿಸಿದ, ಫೈಬರ್ ಎಳೆಸಿದ, ಕೇಬಲ್‌ನವರಿಗೆ ಫೋನ್ ಮಾಡಿ ‘ಮುಂದಿನ ತಿಂಗಳಿಂದ ಬೇಡ’ ಅಂದ, ಮಾರನೇ ದಿನ ಬಸ್ ಹತ್ತಿದ. ಮನೆಯಲ್ಲಿ ಉಳಿದವರು ಅಪ್ಪ, ಅಮ್ಮ. ಅವರ ಕೈಯಲ್ಲಿ ಅಂಕಿಗಳೇ ಇಲ್ಲದ ಒಂದು ರಿಮೋಟ್!

ತೆಗೆಸಿ ಸ್ವಾಮಿ, ಬೇಡ ಅನ್ನಲು ನಾನ್ಯಾರು? ದುಡ್ಡು ನಿಮ್ಮದು, ಗೋಡೆ ನಿಮ್ಮದು. ಕೇಬಲ್‌ನವರ ವಕಾಲತ್ತು ವಹಿಸಿ ನಾನು ಬರೆಯುತ್ತಿಲ್ಲ. ನಾಲ್ಕು ಹನಿ ಮಳೆ ಬಿದ್ದರೆ ಚಿತ್ರ ಹೋಗುತ್ತಿತ್ತು, ಮ್ಯಾಚಿನ ಕೊನೇ ಓವರಿಗೇ ಲೈನು ಕಡಿಯುತ್ತಿತ್ತು, ದೂರು ಹೇಳಿದರೆ ಹುಡುಗ ಮೂರು ದಿನ ಬಿಟ್ಟು ಏಣಿ ತರುತ್ತಿದ್ದ. ಎಲ್ಲವೂ ನಿಜ. ನಾನು ಕೇಳುವ ಪ್ರಶ್ನೆ ಬೇರೆ. ಆ ಕೇಬಲ್ ತಂತಿಯಲ್ಲಿ ಕನ್ನಡಕ್ಕೆ ಒಂದು ಜಾಗವಿತ್ತು. ಹೊಸ ಪರದೆಯಲ್ಲಿ ಆ ಜಾಗ ಎಲ್ಲಿದೆ? ಅದನ್ನು ಕೊಡುವವರು ಯಾರು, ಕೇಳುವವರು ಯಾರು?

ನಾನು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಪೋಸ್ಟರ್, ಚುನಾವಣೆಯ ಕರಪತ್ರ ಎಲ್ಲ ನಮ್ಮ ಮೇಜಿನ ಮೇಲೇ ಹಾದುಹೋಗುತ್ತವೆ. ಊರಿನಲ್ಲಿ ಯಾವ ವ್ಯಾಪಾರ ಏರಿತು, ಯಾವುದು ಇಳಿಯಿತು ಎಂಬುದು ಬ್ಯಾಂಕಿನವರಿಗಿಂತ ಮೊದಲು ಪ್ರೆಸ್ಸಿನವರಿಗೆ ಗೊತ್ತಾಗುತ್ತದೆ. ಕೇಬಲ್ ರಶೀದಿ ಪುಸ್ತಕಗಳೂ ನಮ್ಮಲ್ಲಿ ಅಚ್ಚಾಗುತ್ತಿದ್ದವು. ಒಂದು ಕಾಲಕ್ಕೆ ಐವತ್ತು ಪುಸ್ತಕ ಒಟ್ಟಿಗೆ ಒಯ್ಯುತ್ತಿದ್ದವರು ಈಚೆಗೆ ಬಂದು, ‘ಅಣ್ಣಾ, ಈ ಸಲ ಹತ್ತೇ ಸಾಕು, ಅವೂ ಖರ್ಚಾಗ್ತವೋ ಇಲ್ವೋ’ ಅಂದರು. ಫೋನಿನಲ್ಲೇ ದುಡ್ಡು ಕಟ್ಟುವವರು ಹೆಚ್ಚಾದದ್ದೂ ಇದಕ್ಕೊಂದು ಕಾರಣ. ಆದರೆ ಮನೆಗಳೂ ಕಡಿಮೆಯಾಗಿವೆ ಎಂದು ಅವರೇ ಬಾಯಿಬಿಟ್ಟು ಹೇಳಿದರು. ಮನೆ ಮೇಲಿನ ಡಿಶ್‌ಗಳ ಕಥೆಯೂ ಅದೇ. ಟ್ರಾಯ್ ಲೆಕ್ಕದಂತೆ ದೇಶದಲ್ಲಿ ಹಣ ಕಟ್ಟಿ ಡಿಟಿಎಚ್ ನೋಡುವ ಸಂಪರ್ಕಗಳು 2024ರ ಮಾರ್ಚ್‌ನಲ್ಲಿ ಸುಮಾರು 6.2 ಕೋಟಿ ಇದ್ದವು. 2025ರ ಮಾರ್ಚ್‌ಗೆ ಸುಮಾರು 5.7 ಕೋಟಿಗೆ ಇಳಿದವು. ಒಂದೇ ವರ್ಷದಲ್ಲಿ ಅರ್ಧ ಕೋಟಿ!

ಈಗ ಸ್ವಲ್ಪ ಹಿಂದಕ್ಕೆ ಬನ್ನಿ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯೇ ದೇವಸ್ಥಾನ. ಟಿವಿಗೆ ಹೂವು ಹಾಕಿದವರೂ ಉಂಟು. ಆದರೆ ರಾಮ ಮಾತಾಡಿದ್ದು ಹಿಂದಿಯಲ್ಲಿ. ಕುಮಾರವ್ಯಾಸನನ್ನು, ತೊರವೆ ರಾಮಾಯಣವನ್ನು ಗಮಕದಲ್ಲಿ ಕೇಳಿ ಬೆಳೆದ ಅಜ್ಜಂದಿರು ಆ ಹಿಂದಿ ರಾಮನ ಮುಂದೆ ಸುಮ್ಮನೆ ಕೈಮುಗಿದು ಕೂತರು. 1991ರಲ್ಲಿ ಸ್ಟಾರ್ ಬಂತು, 1992ರಲ್ಲಿ ಝೀ ಬಂತು, ಊರೂರಿಗೆ ಕೇಬಲ್ ತಂತಿ ಬಂತು. ಇಂಗ್ಲಿಷ್, ಹಿಂದಿ ಎಲ್ಲ ಬಂದ ಮೇಲೆ 1994ರಲ್ಲಿ ಉದಯ ಟಿವಿ ಬಂತು. ಕನ್ನಡದ ಮೊದಲ ಖಾಸಗಿ ಉಪಗ್ರಹ ಚಾನೆಲ್! ನಾನಾಗ ಹೈಸ್ಕೂಲ್ ಹುಡುಗ. ಕೇಬಲ್ ಆಫೀಸಿನ ಮುಂದೆ ಜನ ನಿಂತು ‘ಉದಯ ಹಾಕ್ತೀರೋ, ಲೈನು ಕಿತ್ತುಕೊಂಡು ಹೋಗ್ತೀರೋ’ ಎಂದು ಕೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈ ಮಾತನ್ನು ಗಮನಿಸಿ. ಕೇಬಲ್‌ನವನು ನಮ್ಮೂರಿನವನು. ಸಂತೆಯಲ್ಲಿ ಸಿಗುತ್ತಿದ್ದ, ಮದುವೆಯಲ್ಲಿ ಪಕ್ಕದ ಎಲೆಗೆ ಕೂರುತ್ತಿದ್ದ. ಕನ್ನಡ ಚಾನೆಲ್ ಹಾಕದಿದ್ದರೆ ಅಂಗಿ ಹಿಡಿದು ಕೇಳಬಹುದಿತ್ತು. ಅದರ ಮೇಲೆ ಕಾನೂನೂ ಇತ್ತು. 1995ರ ಕೇಬಲ್ ಟಿವಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದಾಗ ಎಂಟನೇ ಕಲಮಿನಲ್ಲಿ, ದೂರದರ್ಶನದ ಎರಡು ಚಾನೆಲ್‌ಗಳ ಜೊತೆಗೆ ರಾಜ್ಯದ ಒಂದು ಪ್ರಾದೇಶಿಕ ಭಾಷೆಯ ಚಾನೆಲನ್ನೂ ಕಡ್ಡಾಯವಾಗಿ, ಅದೂ ಚೆನ್ನಾಗಿ ಕಾಣುವ ಬ್ಯಾಂಡಿನಲ್ಲಿ, ತೋರಿಸಬೇಕೆಂದು ಬರೆದರು. 2011ರಲ್ಲಿ ಕಲಮು ಮತ್ತೆ ಬದಲಾಯಿತು. ಕೇಂದ್ರ ಸೂಚಿಸಿದ ದೂರದರ್ಶನ ಚಾನೆಲ್‌ಗಳು ಕಡ್ಡಾಯವಾದವು. ನಮ್ಮ ಚಂದನ ಆ ಪಟ್ಟಿಯಲ್ಲಿದೆ. ನೀವು ನೋಡಿ, ಬಿಡಿ, ಕನ್ನಡಕ್ಕೆ ಒಂದು ಕುರ್ಚಿ ಕಾನೂನಿನಿಂದಲೇ ಮೀಸಲು. ಯಾರ ಮರ್ಜಿಯೂ ಬೇಕಾಗಿರಲಿಲ್ಲ.

ಆ್ಯಪ್‌ಗಳಿಗೆ ಇಂಥ ಕಾನೂನು ಇದೆಯೇ? ಇಲ್ಲ! 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಟಿಟಿಗಳಿಗೆ ನಿಯಮ ಮಾಡಿತು. ಯಾವ ವಯಸ್ಸಿನವರು ಯಾವುದನ್ನು ನೋಡಬಹುದು ಎಂಬ ವರ್ಗೀಕರಣ ಅದರಲ್ಲಿದೆ, ದೂರು ಕೊಡುವ ವ್ಯವಸ್ಥೆ ಇದೆ. ಕರ್ನಾಟಕದಲ್ಲಿ ದುಡ್ಡು ಎತ್ತುವ ಕಂಪನಿ ಕನ್ನಡದಲ್ಲಿ ಇಷ್ಟಾದರೂ ಕೊಡಬೇಕು ಎಂಬ ಒಂದು ಸಾಲು ಇಲ್ಲ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂತು. 2020ರ ಆಗಸ್ಟ್‌ನಲ್ಲಿ ತನ್ನ ಪರದೆಯ ಬರಹವನ್ನು ಹಿಂದಿಯಲ್ಲೂ ಕೊಟ್ಟಿತು. ಭಾರತ ಎಂದರೆ ಮೊದಲು ಅವರಿಗೆ ನೆನಪಾದದ್ದು ಯಾವ ಭಾಷೆ, ನೋಡಿದಿರಾ?

‘ಅಲ್ಲಯ್ಯಾ, ಕೇಬಲ್‌ಗಿಂತ ಒಟಿಟಿ ಅಗ್ಗ’ ಎನ್ನುತ್ತೀರಿ. ಲೆಕ್ಕ ಹಾಕೋಣ ಬನ್ನಿ. 2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರ ಬಂದಾಗ 100 ಚಾನೆಲ್‌ಗಳ ಮೂಲ ಶುಲ್ಕ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಹಣದ ಚಾನೆಲ್ ಗುಚ್ಛದೊಳಗೆ ಸೇರಬೇಕಾದರೆ ಅದರ ಬೆಲೆ 19 ರೂಪಾಯಿ ಮೀರುವಂತಿಲ್ಲ. ಕನ್ನಡದ ನಾಲ್ಕು ಮನರಂಜನೆ ಚಾನೆಲ್ ಆರಿಸಿದರೂ ಇನ್ನೂರೈವತ್ತರೊಳಗೆ ಮುಗಿಯುತ್ತಿತ್ತು. ಇಡೀ ಮನೆ ಒಂದೇ ಪೆಟ್ಟಿಗೆಯಲ್ಲಿ ನೋಡುತ್ತಿತ್ತು.

ಈಗಿನದು ನೋಡಿ. ಮೊದಲು ಫೈಬರ್. ಜಿಯೋಫೈಬರ್ 2020ರಲ್ಲಿ ತಂದ 399 ರೂಪಾಯಿಯ ಯೋಜನೆಗೆ ಜಿಎಸ್‌ಟಿ ಸೇರಿಸಿದರೆ 471. ಅದು ಮಕ್ಕಳ ಓದಿಗೂ ಆಗುತ್ತದೆ, ಪೂರ್ತಿ ಟಿವಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆಮೇಲೆ ಆ್ಯಪ್. ಅಮ್ಮನ ಧಾರಾವಾಹಿ ಎಲ್ಲಿವೆ? ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ. ಝೀ ಕನ್ನಡದವು ಝೀ5ರಲ್ಲಿ. ಉದಯದವು ಸನ್ ನೆಕ್ಸ್ಟ್‌ನಲ್ಲಿ. ಒಂದು ತಂತಿಯಲ್ಲಿ ಬರುತ್ತಿದ್ದ ಕನ್ನಡ ಮೂರು ಅಂಗಡಿಗಳಿಗೆ ಹಂಚಿಹೋಗಿದೆ. ಹೊಸ ಸಿನಿಮಾ ಬೇಕೆಂದರೆ ಅಮೆಜಾನ್ ಪ್ರೈಮ್, ವರ್ಷಕ್ಕೆ 1,499. 2021ರ ಡಿಸೆಂಬರ್‌ಗೆ ಮುಂಚೆ ಅದು 999 ಇತ್ತು. ದುಡ್ಡು ಕೊಟ್ಟವರಿಗೆ ಜಾಹೀರಾತು ಇಲ್ಲ ಎಂಬ ಸುಖವಿತ್ತು. 2025ರ ಜೂನ್‌ನಿಂದ ಅದೂ ಇಲ್ಲ. ಜಾಹೀರಾತು ಬೇಡವೆಂದರೆ ತಿಂಗಳಿಗೆ 129 ಬೇರೆ ಕೊಡಿ ಎಂದರು. ಕೇಬಲ್ ದರಕ್ಕೆ ಟ್ರಾಯ್ ಕಡಿವಾಣ ಹಾಕಿತ್ತು. ಇದಕ್ಕೆ ಯಾವ ಕಡಿವಾಣವೂ ಇಲ್ಲ. ಮನೆಗೆ ಹೇಗೂ ಫೈಬರ್ ಬಂದಿದೆ, ಸಿನಿಮಾ ಹೆಚ್ಚು ನೋಡುತ್ತೀರಿ ಎಂದಾದರೆ ಕೇಬಲ್ ಬಿಡುವುದು ಲಾಭವೇ ಇರಬಹುದು. ಸಂಜೆ ಎರಡು ಧಾರಾವಾಹಿ, ರಾತ್ರಿ ವಾರ್ತೆ ಮಾತ್ರ ನೋಡುವ ಮನೆಗೆ ಲಾಭವಿಲ್ಲ. ಬಡವರ ಮನೆಗೆ ಡಿಡಿ ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಅದನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಯಾರಿಗೂ ಕಮಿಷನ್ ಇಲ್ಲ!

ದುಡ್ಡಿನ ಮಾತು ಇಷ್ಟು ಸಾಕು. ಅದಕ್ಕಿಂತ ದೊಡ್ಡದು ಇನ್ನೊಂದಿದೆ.

2020ರ ಜುಲೈಯಲ್ಲಿ, ಕೊರೋನಾದಿಂದ ಥಿಯೇಟರ್‌ಗಳಿಗೆ ಬೀಗ ಬಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರ ಪ್ರೈಮ್‌ನಲ್ಲೇ ಬಿಡುಗಡೆಯಾದವು. ಇನ್ನು ಕನ್ನಡಕ್ಕೆ ದಾರಿಯಾಯಿತು ಎಂದು ನಾವೆಲ್ಲ ಖುಷಿಪಟ್ಟೆವು. ನಾಲ್ಕು ವರ್ಷದ ನಂತರ ಏನಾಯಿತು? ರಕ್ಷಿತ್ ಶೆಟ್ಟಿಯವರಂಥ ಹೆಸರಿದ್ದ ನಟ, ನಿರ್ಮಾಪಕರು ಕರಾವಳಿಯ ಏಳು ಕಥೆಗಳ ‘ಏಕಂ’ ಸರಣಿ ಮಾಡಿ ಇಟ್ಟುಕೊಂಡು ಕೂರಬೇಕಾಯಿತು. ದೊಡ್ಡ ವೇದಿಕೆಗಳು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈಯಲ್ಲಿ ತಮ್ಮದೇ ಜಾಲತಾಣ ಮಾಡಿ ಅದರಲ್ಲಿ ಬಿಟ್ಟರು. ‘777 ಚಾರ್ಲಿ’ ಮಾಡಿದವರ ಗತಿಯೇ ಇದಾದರೆ, ಚಿತ್ರದುರ್ಗದ ಒಬ್ಬ ಹೊಸ ಹುಡುಗ ಕ್ಯಾಮೆರಾ ಹಿಡಿದು ಹೋದರೆ ಬಾಗಿಲು ತೆರೆಯುತ್ತಾರಾ? ಝೀ5 ‘ಅಯ್ಯನ ಮನೆ’ ಎಂಬ ಕನ್ನಡ ವೆಬ್ ಸರಣಿ ತಂದದ್ದು 2025ರ ಏಪ್ರಿಲ್‌ನಲ್ಲಿ. ಆ ಆ್ಯಪ್ ಭಾರತದಲ್ಲಿ ಶುರುವಾಗಿ ಆಗಲೇ ಏಳು ವರ್ಷ ಕಳೆದಿತ್ತು.

ಜನಸಂಖ್ಯೆ ಸಾಲದೇ? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಮಲಯಾಳಿಗಳು 3.48 ಕೋಟಿ. ನಮಗಿಂತ ಸುಮಾರು 90 ಲಕ್ಷ ಕಡಿಮೆ! ಆದರೂ ‘ದೃಶ್ಯಂ 2’ ಪ್ರೈಮ್‌ನಲ್ಲಿ, ‘ಮಿನ್ನಲ್ ಮುರಳಿ’ ನೆಟ್‌ಫ್ಲಿಕ್ಸ್‌ನಲ್ಲಿ ನೇರ ಬಿಡುಗಡೆಯಾಗಿ ದೇಶವೆಲ್ಲ ನೋಡಿತು. ಅವರು ಒಳ್ಳೆಯ ಚಿತ್ರ ಮಾಡುತ್ತಾರೆ, ಒಪ್ಪೋಣ. ಜೊತೆಗೆ ಅವರ ಜನ ಅವರ ಭಾಷೆಯಲ್ಲೇ ನೋಡುತ್ತಾರೆ. ನಾವು? ತಮಿಳನ್ನು ತಮಿಳಿನಲ್ಲಿ, ತೆಲುಗನ್ನು ತೆಲುಗಿನಲ್ಲಿ, ಹಾಲಿವುಡ್ಡನ್ನು ಹಿಂದಿಯಲ್ಲಿ ನೋಡಿ ‘ನಮಗೆ ಐದು ಭಾಷೆ ಬರುತ್ತದೆ’ ಎಂದು ಮೀಸೆ ತಿರುವುತ್ತೇವೆ. ಕಂಪನಿಯ ಯಂತ್ರ ಅದನ್ನು ಗುಟ್ಟಾಗಿ ಬರೆದುಕೊಳ್ಳುತ್ತದೆ: ಹೊಸದುರ್ಗದ ಈ ಮನೆಗೆ ಕನ್ನಡ ಬೇಕಾಗಿಲ್ಲ.

ನಮ್ಮ ತಂದೆಯ ಕಾಲದಲ್ಲಿ ಪ್ರೆಸ್ಸಿನಲ್ಲಿ ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕುತ್ತಿದ್ದರು. ಯಾವ ಅಕ್ಷರ ಹೆಚ್ಚು ಖರ್ಚಾಗುತ್ತದೋ ಅದರ ಮೊಳೆ ಸೇರುಗಟ್ಟಲೆ ತರಿಸಬೇಕು, ಎಂದೋ ಒಮ್ಮೆ ಬೇಕಾಗುವ ಅಕ್ಷರಕ್ಕೆ ನಾಲ್ಕೇ ಮೊಳೆ ಸಾಕು. ಮೊಳೆ ಮಾರುವವನಿಗೆ ಯಾವ ಅಕ್ಷರದ ಮೇಲೂ ದ್ವೇಷವಿರಲಿಲ್ಲ. ಕೇಳಿದ್ದನ್ನು ಎರಕ ಹೊಯ್ದು ಕೊಡುತ್ತಿದ್ದ, ಅಷ್ಟೆ. ಈ ಕಂಪನಿಗಳೂ ಹಾಗೆಯೇ. ಒಂದೇ ವ್ಯತ್ಯಾಸ, ನೀವು ಬಾಯಿಬಿಟ್ಟು ಕೇಳಬೇಕಾಗಿಲ್ಲ. ರಿಮೋಟಿನಲ್ಲಿ ಒತ್ತಿದ್ದೇ ಅವರಿಗೆ ಆರ್ಡರು.

ಇಲ್ಲಿ ನಮ್ಮವರ ಪಾಲೂ ಇದೆ, ಕೆಲವರಿಗೆ ಸಿಟ್ಟು ಬಂದರೂ ಹೇಳುತ್ತೇನೆ. ದಶಕಗಳ ಕಾಲ ಡಬ್ಬಿಂಗ್ ಬೇಡ ಎಂದು ಬಾಗಿಲು ಹಾಕಿ ಕೂತೆವು. ನಮ್ಮ ಕಲಾವಿದರ ಹೊಟ್ಟೆಪಾಡು ಉಳಿಯಲಿ ಎಂಬ ಕಾಳಜಿ ಅದರಲ್ಲಿತ್ತು, ಅರವತ್ತರ ದಶಕದಲ್ಲಿ ಅದು ನ್ಯಾಯವೂ ಆಗಿತ್ತು. ಆದರೆ ಕೇಬಲ್ ಮನೆಮನೆಗೆ ಬಂದ ಮೇಲೆ ಆ ಬಾಗಿಲಿನಿಂದ ಹೊರಗುಳಿದದ್ದು ಬೇರೆ ಭಾಷೆಯಲ್ಲ, ಕನ್ನಡ. 2012ರಲ್ಲಿ ‘ಸತ್ಯಮೇವ ಜಯತೇ’ ಬೇರೆ ಭಾಷೆಗಳಲ್ಲಿ ಬಂದಾಗ ಕನ್ನಡದಲ್ಲಿ ಬರಲು ಬಿಡಲಿಲ್ಲ. ನಮ್ಮ ಜನ ಅದನ್ನು ನೋಡದೆ ಬಿಟ್ಟರೇ? ಹಿಂದಿಯಲ್ಲಿ ನೋಡಿದರು! ಮಕ್ಕಳು ಛೋಟಾ ಭೀಮ್ ನೋಡಿ ಹಿಂದಿ ಕಲಿತರು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆ ತಪ್ಪೆಂದು ತೀರ್ಪು ಕೊಟ್ಟ ಮೇಲೆ ಬೀಗ ಸಡಿಲವಾಯಿತು. 2020ರ ಲಾಕ್‌ಡೌನಿನಲ್ಲಿ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂದಾಗ ಏನಾಯಿತೆಂದು ನಿಮಗೇ ಗೊತ್ತು. ಕೃಷ್ಣ ಕನ್ನಡದಲ್ಲಿ ಮಾತಾಡಿದ, ಅಜ್ಜಿ ಮೊಮ್ಮಗ ಒಟ್ಟಿಗೆ ಕೂತು ಕೇಳಿದರು.

ಒಟಿಟಿಯಲ್ಲಿ ಇಂದು ಆ ಸೌಲಭ್ಯ ನಿಮ್ಮ ಕೈಯಲ್ಲೇ ಇದೆ, ಬಳಸುವವರೇ ಕಡಿಮೆ. 2021ರಲ್ಲಿ ‘ಜೈ ಭೀಮ್’ ಪ್ರೈಮ್‌ನಲ್ಲಿ ಬಂದಾಗ ಕನ್ನಡ ಧ್ವನಿಯೂ ಇತ್ತು. ನಿಮ್ಮಲ್ಲಿ ಎಷ್ಟು ಜನ ಅದನ್ನು ಕನ್ನಡದಲ್ಲಿ ನೋಡಿದಿರಿ? ಪರದೆಯ ಮೇಲೆ ಆಡಿಯೋ ಎಂಬ ಜಾಗದಲ್ಲಿ ಒಮ್ಮೆ ಒತ್ತಿ ನೋಡಿ. ಕನ್ನಡ ಇದ್ದರೆ ಅದನ್ನೇ ಆರಿಸಿ, ಡಬ್ಬಿಂಗ್ ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋದರೆ ಕೆಲವು ಆ್ಯಪ್‌ಗಳ ಪರದೆಯೂ ಕನ್ನಡಕ್ಕೆ ತಿರುಗುತ್ತದೆ. ಮಗ ಬಸ್ ಹತ್ತುವ ಮೊದಲು ಇದೊಂದನ್ನು ಮಾಡಿಟ್ಟು ಹೋಗಲಿ. ಕನ್ನಡ ಪೇಪರ್ ಸರಾಗವಾಗಿ ಓದುವ ತಾಯಿ ತನ್ನ ಮನೆಯ ಟಿವಿ ಮುಂದೆ ಅನಕ್ಷರಸ್ಥಳಾಗಿ ಕೂರುವುದನ್ನು ಯಾವ ಮಗ ಸಹಿಸಬೇಕು?

ಇನ್ನು ನಮ್ಮ ಸರ್ಕಾರ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲೇ ಸಿಸ್ಪೇಸ್ ಎಂಬ ಸ್ವಂತ ಒಟಿಟಿ ತೆರೆಯಿತು. ಅದಾದ ಒಂದು ವರ್ಷಕ್ಕೆ, 2025ರ ಮಾರ್ಚ್ ಬಜೆಟ್ಟಿನಲ್ಲಿ, ಕರ್ನಾಟಕವೂ ಕನ್ನಡ ಚಿತ್ರಗಳಿಗಾಗಿ ಒಟಿಟಿ ಮಾಡುತ್ತೇವೆ ಎಂದು ಘೋಷಿಸಿತು. ಮಾಡಲಿ, ಆದರೆ ಸಿನಿಮಾಕ್ಕೆ ಮಾತ್ರ ಯಾಕೆ? ನಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ಶಿವಸಂಚಾರ ತಂಡ ವರ್ಷವರ್ಷ ಹೊಸ ನಾಟಕ ಕಟ್ಟಿ ನಾಡೆಲ್ಲ ತಿರುಗುತ್ತಿದೆ. ಆ ನಾಟಕಗಳನ್ನು ಚೆನ್ನಾಗಿ ಚಿತ್ರೀಕರಿಸಿ ಹಾಕಿ. ಚಂದನದ ಹಳೆಯ ಭಂಡಾರದ ಕಾರ್ಯಕ್ರಮಗಳನ್ನು ಕೇಳಿ ಪಡೆದು ಹಾಕಿ. ಕೇಬಲ್‌ನವರ ಊರ ಚಾನೆಲ್‌ಗಳಲ್ಲಿ ಬರುತ್ತಿದ್ದ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಮಠದ ಸಮಾರಂಭಗಳಿಗೂ ಒಂದು ಮೂಲೆ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೇಬಲ್ಲಿಗೆ ಇದ್ದಂಥ ಕಡ್ಡಾಯವನ್ನು ಒಟಿಟಿಗೂ ತನ್ನಿ ಎಂದು ಕೇಂದ್ರಕ್ಕೆ ಬರೆಯಿರಿ. ನಮ್ಮ ಸಂಸದರು ದಿಲ್ಲಿಯಲ್ಲಿ ಇದನ್ನು ಕೇಳಲಿ.

ನೀವೂ ಬರೆಯಿರಿ. 2021ರ ನಿಯಮದಂತೆ ಪ್ರತಿ ಒಟಿಟಿ ಕಂಪನಿ ಭಾರತದಲ್ಲಿ ಒಬ್ಬ ದೂರು ಅಧಿಕಾರಿಯನ್ನು ಇಡಬೇಕು, ಅವರನ್ನು ಸಂಪರ್ಕಿಸುವ ವಿವರವನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಭಾಷೆಯ ದೂರಿಗೆ ಪರಿಹಾರ ಕೊಡಲೇಬೇಕೆಂಬ ಬಂಧನ ಆ ನಿಯಮದಲ್ಲಿಲ್ಲ, ಆದರೂ ಪತ್ರ ಹೋಗಲಿ. ಅಚ್ಚ ಕನ್ನಡದಲ್ಲಿ ನಾಲ್ಕು ಸಾಲು: ನಾನು ಹೊಸದುರ್ಗದ ಚಂದಾದಾರ, ವರ್ಷಕ್ಕೆ ಇಷ್ಟು ಹಣ ಕಟ್ಟಿದ್ದೇನೆ, ಇಂಥ ಚಿತ್ರಕ್ಕೆ ಕನ್ನಡ ಧ್ವನಿ ಇಲ್ಲ, ಯಾವಾಗ ಕೊಡುತ್ತೀರಿ? ಪತ್ರದ ಮಾದರಿಯನ್ನು ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಇಟ್ಟಿದ್ದೇನೆ. ಸಂತೆಗೆ ಬಂದಾಗ ಒಯ್ಯಿರಿ, ಕಾಸು ಬೇಡ.